ದಾದಿಯರ ತರಬೇತಿ: ಹಾಸಿಗೆಯ ಬಳಿಯಿಂದ ಪರದೆಯವರೆಗೆ



ಕೋಟೇಶ್ವರ, ಕುಂದಾಪುರ ಆಸುಪಾಸಿನ ನಮ್ಮ ಮನೆಗಳಲ್ಲಿ ನರ್ಸಿಂಗ್ ಓದುವ ಮಗಳೋ, ಪರದೇಶದಲ್ಲಿ ದಾದಿಯಾಗಿರುವ ಅಕ್ಕನೋ ಇರುವುದು ಹೊಸತಲ್ಲ. ಆದರೆ ಇಂದು ಆ ಮಗಳು ಪುಸ್ತಕದ ಜೊತೆಗೆ ಮೊಬೈಲನ್ನೂ ಹಿಡಿದು ಕುಳಿತಾಗ, "ಇದನ್ನು ನೋಡಿ ಸೂಜಿ ಚುಚ್ಚಲು ಕಲಿಯಲಾಗುತ್ತದೆಯೇ?" ಎಂಬ ಪ್ರಶ್ನೆ ಹೆತ್ತವರಲ್ಲಿ ಏಳುತ್ತದೆ. ಉತ್ತರಕ್ಕಾಗಿ ಸ್ವಲ್ಪ ಹಿಂದಿರುಗಿ ನೋಡೋಣ.

ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ವಂದನೀಯ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅಂದಿನ ಸೇವಕರಿಗೆ ಪಾಠಶಾಲೆಯೆಂದರೆ ರೋಗಿಯ ಹಾಸಿಗೆಯೇ. ಹಿರಿಯರು ಗಾಯ ತೊಳೆಯುವುದನ್ನು ಕಂಡು ಕಿರಿಯರು ಕಲಿತರು. ಅತ್ತ ಲಂಡನ್ನಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲೇ ದಾದಿಯರ ಶಾಲೆ ಆರಂಭಿಸಿ, ಈ ಕಲಿಕೆಗೆ ಕ್ರಮ ತಂದಿದ್ದರು. ನಮ್ಮ ದೇಶದಲ್ಲಿ 1947ರ ಕಾಯಿದೆಯಂತೆ ಭಾರತೀಯ ನರ್ಸಿಂಗ್ ಪರಿಷತ್ತು ರಚನೆಯಾಯಿತು. ಶಿಕ್ಷಣಕ್ಕೆ ಏಕರೂಪದ ಮಟ್ಟ ಕಾಯುವ ಹೊಣೆಯನ್ನು ಆ ಕಾಯಿದೆ ಅದಕ್ಕೆ ವಹಿಸಿತು.

ಪರದೆ ಬಂದದ್ದು ಬಹಳ ತಡವಾಗಿ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ 'ಹೆಲಿನೆಟ್' ಜಾಲವನ್ನು ಆರಂಭಿಸಿ, ವೈದ್ಯಕೀಯ ಪತ್ರಿಕೆಗಳನ್ನು ಅಂತರ್ಜಾಲದ ಮೂಲಕ ಕಾಲೇಜುಗಳಿಗೆ ತಲುಪಿಸಿತು. 2017ರಲ್ಲಿ ಕೇಂದ್ರ ಸರಕಾರದ 'ಸ್ವಯಂ' ವೇದಿಕೆ ಬಂತು. ಆದರೂ ಇವು ಓದಿಗೆ ನೆರವೇ ಹೊರತು ವಾರ್ಡಿಗೆ ಬದಲಿಯಾಗಿರಲಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿದಾಗ ಪರದೆಯೇ ತರಗತಿಯಾಯಿತು. ಮರು ವರ್ಷ ಮೇ ತಿಂಗಳಲ್ಲಿ ಎರಡನೆಯ ಅಲೆ ಎದ್ದಾಗ, ಹಿರಿಯರ ಮೇಲ್ವಿಚಾರಣೆಯಲ್ಲಿ ಅಂತಿಮ ವರ್ಷದ ನರ್ಸಿಂಗ್ ವಿದ್ಯಾರ್ಥಿಗಳನ್ನೂ ಕೊರೋನಾ ಸೇವೆಗೆ ಬಳಸಿಕೊಳ್ಳಲು ಕೇಂದ್ರ ಸರಕಾರ ಸೂಚಿಸಿತು. ತಿಂಗಳುಗಟ್ಟಲೆ ಪರದೆಯಲ್ಲಿ ಕಲಿತ ಕೈಗಳು ಉಸಿರಿಗಾಗಿ ಪರದಾಡುವವರ ಮುಂದೆ ನಿಲ್ಲಬೇಕಾಯಿತು. ಇದು ಆಟದ ಮಾತಲ್ಲ.

ಹಾಗಾದರೆ ಪರದೆಯ ಪಾಠ ವ್ಯರ್ಥವೇ? ಅಲ್ಲ. ಒಂದು ವಿಧಾನವನ್ನು ಹತ್ತು ಸಲ ನೋಡಬಹುದು. ಕಂಪ್ಯೂಟರಿನಲ್ಲಿ ಒಬ್ಬ ಕಲ್ಪಿತ ರೋಗಿಯ ರಕ್ತದೊತ್ತಡ, ನಾಡಿ, ಜ್ವರ ತೋರಿಸಿ "ಮೊದಲು ಏನು ಮಾಡುವೆ?" ಎಂದು ಕೇಳುತ್ತಾರೆ. ತಪ್ಪಿದರೆ ಕಾರಣ ತಿಳಿಯುತ್ತದೆ, ಯಾರಿಗೂ ನೋವಾಗುವುದಿಲ್ಲ. ಅಮೆರಿಕದಲ್ಲಿ 10 ನರ್ಸಿಂಗ್ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವು, ನುರಿತ ಶಿಕ್ಷಕರಿದ್ದು ವ್ಯವಸ್ಥೆ ಸರಿಯಿದ್ದರೆ ಆಸ್ಪತ್ರೆಯ ತರಬೇತಿಯ ಅರ್ಧದವರೆಗೆ ಅನುಕರಣೆಯ ಅಭ್ಯಾಸದಿಂದ ತುಂಬಬಹುದೆಂದು ಕಂಡಿತು. ಆದರೆ ಅದು ಗೊಂಬೆ, ಪ್ರಯೋಗಾಲಯ, ಶಿಕ್ಷಕರೊಂದಿಗಿನ ಅಭ್ಯಾಸ. ಮನೆಯಲ್ಲಿ ಒಬ್ಬರೇ ಕುಳಿತು ಮೊಬೈಲು ನೋಡುವುದಲ್ಲ.

ಇನ್ನು ನಮ್ಮೂರಿನದೇ ಒಂದು ಪಾಠ. ಕುಂದಾಪುರದ ಅಜ್ಜಿಯೊಬ್ಬರು "ಹೊಟ್ಟಿ ನೋಯ್ತಾ ಇತ್ತ್" ಎಂದರೆ, ಹೊರ ಜಿಲ್ಲೆಯ ವಿದ್ಯಾರ್ಥಿನಿ "ನೋವು ಇತ್ತು, ಈಗ ಇಲ್ಲ" ಎಂದು ಬರೆದುಕೊಂಡಾಳು. ನಮ್ಮ ಮಾತಿನಲ್ಲಿ 'ಇತ್ತ್' ಎಂದರೆ ಈಗ ಇದೆ ಎಂದೇ ಅರ್ಥ. ಅಜ್ಜಿಯ ಮುಖ ನೋಡಿ, ಕೈ ಹಿಡಿದು ಮತ್ತೊಮ್ಮೆ ಕೇಳುವುದನ್ನು ಯಾವ ಪರದೆ ಕಲಿಸೀತು? ಕೋಟಿತೀರ್ಥದ ಮೆಟ್ಟಿಲ ಮೇಲೆ ಕುಳಿತು ಈಜು ಕಲಿತವರಿಲ್ಲ.

ಆದ್ದರಿಂದ ಹೆತ್ತವರೇ, ಮಗಳ ಕೈಯಲ್ಲಿ ಮೊಬೈಲು ಕಂಡರೆ ಗದರಬೇಡಿ. ಆದರೆ ಕಾಲೇಜಿಗೆ ಸೇರಿಸುವಾಗ, "ಮಕ್ಕಳು ವಾರ್ಡಿನಲ್ಲಿ ಎಷ್ಟು ಗಂಟೆ ಇರುತ್ತಾರೆ? ಪಕ್ಕದಲ್ಲಿ ಕಲಿಸುವವರು ಯಾರು?" ಎಂದು ತಪ್ಪದೆ ಕೇಳಿ. ನಾವೇ ಆಸ್ಪತ್ರೆಯಲ್ಲಿ ಮಲಗಿದಾಗ, ನಡುಗುವ ಕೈಯಿಂದ ನಾಡಿ ಹಿಡಿಯುವ ವಿದ್ಯಾರ್ಥಿನಿಯೊಡನೆ ತಾಳ್ಮೆಯಿಂದಿರೋಣ. ಶುಭಸಂದೇಶದ ಸದಯ ಸಮಾರಿತನು ಗಾಯಾಳುವನ್ನು ದೂರದಿಂದ ನೋಡಿ ಹೋಗಲಿಲ್ಲ; ಹತ್ತಿರ ಬಂದು, ಗಾಯಕ್ಕೆ ಎಣ್ಣೆ ಸುರಿದು ಕಟ್ಟಿದನು. ದಾದಿಯ ವಿದ್ಯೆ ಎಲ್ಲಿಂದಲೇ ಆರಂಭವಾಗಲಿ, ಅದು ಪೂರ್ಣವಾಗುವುದು ಆ ಹತ್ತಿರದಲ್ಲೇ.