ಬಳ್ಳಾರಿ ರಸ್ತೆಯ ವಿಜ್ಞಾನ ಪಾಠ

ಬಳ್ಳಾರಿ ರಸ್ತೆ ಹಾದುಹೋಗುವ ಉತ್ತರ ಬೆಂಗಳೂರಿನಲ್ಲಿ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಪರಿಪಾಠ ಹೊಲದಲ್ಲಿ ಬೇರೂರಿತು. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದ 30 ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟರು. 1913ರಲ್ಲಿ ಅಲ್ಲೇ ಕೃಷಿ ಶಾಲೆ ತೆರೆಯಿತು. ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಷ್ಟರಲ್ಲಾಗಲೇ ಅಡಿಕೆಯ ಕೊಳೆರೋಗದ ಮೂಲವನ್ನು ಪತ್ತೆಹಚ್ಚಿದ್ದರು. ಮಳೆಯಲ್ಲಿ ನೆನೆದ ಗೊನೆ ಕೊಳೆಯುತ್ತದೆಂಬುದು ಮಲೆನಾಡಿನ ಬೆಳೆಗಾರರಿಗೆ ಗೊತ್ತಿತ್ತು. ಅದಕ್ಕೇ ಅವರು ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಮಳೆಯ ಜೊತೆ ಹರಡುತ್ತಿದ್ದ ಸೂಕ್ಷ್ಮಜೀವಿಯನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದವರು ಕೋಲ್ಮನ್. ಬೆಳೆಗಾರರದೂ ಅವಲೋಕನವೇ, ಕೋಲ್ಮನ್ನರದೂ ಅವಲೋಕನವೇ. ಎರಡನೆಯದರಲ್ಲಿ ಕಾರಣವನ್ನು ಪರೀಕ್ಷೆಗೆ ಒಡ್ಡುವ ಹೆಜ್ಜೆಯೊಂದು ಹೆಚ್ಚಾಗಿ ಸೇರಿತ್ತು.

ಇಂದು ವಿಜ್ಞಾನ ಕಲಿಯಲು ಅಂತರಜಾಲದಲ್ಲಿ ಸಿಗುವ ಸಾಮಗ್ರಿಯನ್ನು ಅಳೆಯಲೂ ಈ ಹೆಜ್ಜೆಯನ್ನೇ ನೋಡಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2000ದಲ್ಲಿ ಇದನ್ನೇ ವಿಸ್ತರಿಸಿ ಹೇಳಿತು: ಕಲಿಯುವವರು ಪ್ರಶ್ನೆಯಲ್ಲಿ ತೊಡಗಬೇಕು, ಪುರಾವೆಗೆ ಬೆಲೆ ಕೊಡಬೇಕು, ಪುರಾವೆಯಿಂದ ವಿವರಣೆ ಕಟ್ಟಬೇಕು, ಅದನ್ನು ಈಗಾಗಲೇ ತಿಳಿದದ್ದರ ಜೊತೆ ಹೋಲಿಸಬೇಕು, ಇತರರ ಮುಂದಿಟ್ಟು ಸಮರ್ಥಿಸಬೇಕು. ಬಣ್ಣ, ಚಲನೆ, ಅಚ್ಚುಕಟ್ಟು ಈ ಪಟ್ಟಿಯಲ್ಲಿಲ್ಲ.

ಸದಾಶಿವನಗರದ ಭಾರತೀಯ ವಿಜ್ಞಾನ ಅಕಾಡೆಮಿ 1996ರ ಜನವರಿಯಲ್ಲಿ 'ರೆಸೊನೆನ್ಸ್' ಮಾಸಪತ್ರಿಕೆಯನ್ನು ಹೊರತಂದಿತು. ಅದರ ಹಳೆಯ ಸಂಚಿಕೆಗಳೆಲ್ಲ ಈಗ ಜಾಲದಲ್ಲಿ ಉಚಿತ. ತರಗತಿಯ ಪ್ರಶ್ನೆಗಳಿಗೂ ಸರಳ ಪ್ರಯೋಗಗಳಿಗೂ ಮೀಸಲಾದ ಅದರ ವಿಭಾಗ ವಿಜ್ಞಾನಿಯ ತರ್ಕ ಹೇಗೆ ಸಾಗುತ್ತದೆಂದು ಚೆನ್ನಾಗಿ ತೋರಿಸುತ್ತದೆ. ಆದರೆ ಅದರ ಓದುಗರು ಇಂಗ್ಲಿಷ್ ಬಲ್ಲ ಪದವಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಯಲಹಂಕದ ಕನ್ನಡ ಶಾಲೆಯ ಮಕ್ಕಳಿಗೆ ಅದು ದೂರದ ಮಾತು. ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಶಿಕ್ಷಣ ತಂತ್ರಜ್ಞಾನ ಘಟಕವೂ ಪುಸ್ತಕ, ಸಿಡಿಗಳನ್ನು ತಯಾರಿಸಿತು. ಅವುಗಳ ಒತ್ತು ವಿವರಣೆಯ ಮೇಲೆ.

ಹೆಚ್ಚು ಗಮನಕ್ಕೆ ಅರ್ಹವಾದ ಪ್ರಯತ್ನ ನಡೆದದ್ದು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ (ಜಿಕೆವಿಕೆ) ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ. 2007ರಲ್ಲಿ ಆರಂಭವಾದ 'ಮೈಗ್ರೆಂಟ್‌ವಾಚ್' ಬೂದು ಸಿಪಿಲೆಯಂಥ ವಲಸೆ ಹಕ್ಕಿಗಳು ಊರಿಗೆ ಬಂದ ದಿನ, ಹೊರಟ ದಿನಗಳನ್ನು ಸಾರ್ವಜನಿಕರಿಂದ ಸಂಗ್ರಹಿಸಿತು. ಅದರ ಬೆನ್ನಿಗೆ ಬಂದ 'ಸೀಸನ್‌ವಾಚ್' ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಹಯೋಗದ್ದು. ಮಾವು, ಹಲಸು, ಹೊಂಗೆ, ಕಕ್ಕೆಯಂಥ ಮರವೊಂದನ್ನು ಆರಿಸಿಕೊಂಡು, ಚಿಗುರು, ಹೂ, ಕಾಯಿ ಇಲ್ಲವೇ, ಕೊಂಚ ಇವೆಯೇ, ತುಂಬ ಇವೆಯೇ ಎಂದು ವಾರವಾರ ದಾಖಲಿಸುವುದು ಇದರ ಕ್ರಮ. ಈ ವರ್ಷ ಹೊಂಗೆ ಯಾವಾಗ ಹೂ ಬಿಡುತ್ತದೆಂಬ ಪ್ರಶ್ನೆಗೆ ಉತ್ತರ ಯಾವ ಗೈಡಿನಲ್ಲೂ ಇರುವುದಿಲ್ಲ. ಮೇಷ್ಟರಿಗೂ ಗೊತ್ತಿರುವುದಿಲ್ಲ. ಪುರಾವೆ ಮಗುವಿನದೇ. ಕೊರತೆ ಕಾಣುವುದು ಮುಂದಿನ ಹಂತದಲ್ಲಿ: ಅಂಕಿಅಂಶಗಳು ಯೋಜನೆಯ ಕಣಜಕ್ಕೆ ಸೇರುತ್ತವೆ, ಅವುಗಳಿಂದ ವಿವರಣೆ ಕಟ್ಟುವ ಕೆಲಸ ಬಹುಮಟ್ಟಿಗೆ ಸಂಶೋಧಕರ ಪಾಲಾಗುತ್ತದೆ. ಆಸಕ್ತ ಶಿಕ್ಷಕರೊಬ್ಬರು ಎರಡು ಮೂರು ವರ್ಷಗಳ ದಾಖಲೆಯನ್ನು ತರಗತಿಯಲ್ಲೇ ಹರಡಿ ಹೋಲಿಸಿದರೆ ಮಾತ್ರ ಆ ಕೊರತೆ ತುಂಬುತ್ತದೆ.

ಕನ್ನಡದಲ್ಲಿ ಸಾಮಗ್ರಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ಸರ್ಕಾರದ ಕಡೆಯಿಂದ. 2010ರ ದಶಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು 'ಐಟಿ ಫಾರ್ ಚೇಂಜ್' ಸಂಸ್ಥೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಪಾಠ, ಚಟುವಟಿಕೆಗಳನ್ನು ಬರೆದು ತಿದ್ದಲು ಅವಕಾಶವಿತ್ತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ 'ಸಂವೇದ' ಪ್ರೌಢಶಾಲೆಯ ಪಾಠಗಳನ್ನು ಮನೆಗೆ ಮುಟ್ಟಿಸಿತು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಅದು ದೊಡ್ಡ ಆಸರೆ. ಆದರೆ ಪ್ರಸಾರದ ಪಾಠದಲ್ಲಿ ಪ್ರಯೋಗವನ್ನು ನೋಡಬಹುದಷ್ಟೇ. ಬೇರೆ ರೀತಿ ಮಾಡಿದರೆ ಏನಾಗುತ್ತದೆಂದು ಕೇಳಿ, ಮತ್ತೊಮ್ಮೆ ಮಾಡಿ ನೋಡಲು ಆಗುವುದಿಲ್ಲ.