ಆರ್ ಗಣಕಭಾಷೆ: ಒಂದು ವಿದ್ವತ್ಸಮುದಾಯದ ಇತಿಹಾಸ

ದೇಗುಲವನ್ನು ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿ ಉಳಿಯುತ್ತದೆ; ಕಲ್ಲು ಹೊತ್ತವರ ಹೆಸರು ಬಹುಮಟ್ಟಿಗೆ ಉಳಿಯುವುದಿಲ್ಲ. ವಿದ್ಯೆಯ ಉಪಕರಣಗಳ ಇತಿಹಾಸವನ್ನು ಬರೆಯುವಾಗಲೂ ನಾವು ಇದೇ ರೂಢಿಗೆ ಒಳಗಾಗುತ್ತೇವೆ. ಸಂಖ್ಯಾಶಾಸ್ತ್ರದ ಲೆಕ್ಕಾಚಾರಕ್ಕಾಗಿ ಇಂದು ಅನೇಕ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಬಳಕೆಯಲ್ಲಿರುವ 'ಆರ್' ಎಂಬ ಗಣಕಭಾಷೆಯನ್ನು ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬಿಬ್ಬರ ಸೃಷ್ಟಿಯೆಂದು ಹೇಳಿ ಮುಗಿಸುವುದು ವಾಡಿಕೆ. ಇದು ಸುಳ್ಳಲ್ಲ, ಆದರೆ ಅಪೂರ್ಣ. ಅವರು ಏನನ್ನು ರಚಿಸಿದರೆಂಬುದಕ್ಕಿಂತ, ರಚಿಸಿದುದನ್ನು ಹೇಗೆ ಬಿಟ್ಟುಕೊಟ್ಟರೆಂಬುದೇ ಇತಿಹಾಸಕಾರನಿಗೆ ಹೆಚ್ಚು ಮುಖ್ಯವೆಂದು ನಮ್ಮ ಅಭಿಪ್ರಾಯ.

ಆರ್ ಭಾಷೆಗೆ ಒಂದು ಮಾದರಿಯಿತ್ತು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1976ರಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಂಗಡಿಗರು 'ಎಸ್' ಎಂಬ ಭಾಷೆಯನ್ನು ರೂಪಿಸತೊಡಗಿದರು. ವಿದ್ವಾಂಸನು ತನ್ನ ವಿಚಾರವನ್ನು ತಡೆಯಿಲ್ಲದೆ ಯಂತ್ರಕ್ಕೆ ತಿಳಿಸುವಂತಿರಬೇಕೆಂಬುದು ಅವರ ಉದ್ದೇಶ. ಆದರೆ ಅದರ ವಾಣಿಜ್ಯರೂಪವಾದ ಎಸ್-ಪ್ಲಸ್ಸನ್ನು ಹಣ ತೆತ್ತು ಪಡೆಯಬೇಕಾಗಿತ್ತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ಅಧ್ಯಾಪಕರಾದ ಇಹಾಕಾ ಮತ್ತು ಜಂಟಲ್‌ಮನ್ 1990ರ ದಶಕದ ಆದಿಯಲ್ಲಿ, ವಿದ್ಯಾರ್ಥಿಗಳ ಮ್ಯಾಕಿಂಟಾಷ್ ಪ್ರಯೋಗಾಲಯಕ್ಕೆ ಒಪ್ಪುವ ಸಾಧನವೊಂದನ್ನು ಅರಸುತ್ತಿದ್ದರು. ಅದು ದೊರೆಯದಿರಲು, ಸ್ಕೀಮ್ ಎಂಬ ಭಾಷೆಯ ತತ್ತ್ವಗಳನ್ನಾಧರಿಸಿ, ಆಜ್ಞೆಗಳನ್ನು ಓದಿ ನಡೆಸುವ ಸುಮಾರು 1,000 ಸಾಲುಗಳ ಚಿಕ್ಕ ಕಾರ್ಯಕ್ರಮವೊಂದನ್ನು ತಾವೇ ಬರೆದು, ಅದಕ್ಕೆ ಎಸ್ ಭಾಷೆಯ ಹೊರರೂಪವನ್ನು ತೊಡಿಸಿದರು. ಇಬ್ಬರ ಹೆಸರಿನ ಮೊದಲಕ್ಷರವೂ ಆರ್ ಆದುದು ನಾಮಕರಣಕ್ಕೆ ಅನುಕೂಲವಾಯಿತು. 1993ರಲ್ಲಿ ಅದರ ಪ್ರತಿಗಳು ಹೊರಗಿನವರಿಗೂ ದೊರೆತವು.

ಇಲ್ಲಿಯವರೆಗಿನದು ಇಬ್ಬರ ಕಥೆ. ಜೂರಿಚ್ ನಗರದ ಮಾರ್ಟಿನ್ ಮೆಕ್ಲರ್ ಎಂಬ ವಿದ್ವಾಂಸರು ಇದರ ಮೂಲಪಾಠವನ್ನೇ ಎಲ್ಲರಿಗೂ ತೆರೆದಿಡಬೇಕೆಂದು ಒತ್ತಾಯಿಸಿದರು. ಮೊದಲು ಹಿಂಜರಿದರೂ, 1995ರ ಜೂನ್ ತಿಂಗಳಲ್ಲಿ ಕರ್ತೃಗಳು ಅದನ್ನು ಗ್ನೂ ಪರವಾನಗಿಯಡಿ ಪ್ರಕಟಿಸಿದರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿ ಹಂಚುವವನು ತಾನು ಪಡೆದ ಸ್ವಾತಂತ್ರ್ಯವನ್ನು ಇತರರಿಗೂ ಕೊಡಬೇಕು. ಇದೇ ಆ ಪರವಾನಗಿಯ ತಿರುಳು.

ಪರಿಣಾಮವು ಬೇಗನೆ ಕಂಡಿತು. ದೂರದೇಶಗಳಿಂದ ಬಂದ ತಿದ್ದುಪಡಿಗಳ ಹೊರೆಯನ್ನು ಇಬ್ಬರೇ ಹೊರಲಾಗಲಿಲ್ಲ. ಆದುದರಿಂದ 1997ರಲ್ಲಿ, ಮೂಲಪಾಠವನ್ನು ಬದಲಾಯಿಸುವ ಅಧಿಕಾರವುಳ್ಳ ಕೇಂದ್ರತಂಡವೊಂದು ಏರ್ಪಟ್ಟಿತು. ಕೋಪನ್‌ಹೇಗನ್ನಿನ ಪೀಟರ್ ಡಾಲ್ಗಾರ್ಡ್, ವಿಸ್ಕಾನ್ಸಿನ್ನಿನ ಡಗ್ಲಸ್ ಬೇಟ್ಸ್ ಮೊದಲಾದವರು ಇದರಲ್ಲಿ ದುಡಿದರು. ಎಸ್ ಭಾಷೆಯ ಕರ್ತೃವಾದ ಚೇಂಬರ್ಸ್ ಅವರೇ ಮುಂದೆ ಈ ತಂಡವನ್ನು ಸೇರಿದುದು ಗಮನಾರ್ಹ. ನಮ್ಮ ದೇಶದಿಂದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ದೆಹಲಿ ಕೇಂದ್ರದ ದೀಪಾಯನ್ ಸರ್ಕಾರ್ ಸದಸ್ಯರಾದರು. ಅದೇ 1997ರ ಏಪ್ರಿಲ್‌ನಲ್ಲಿ ವಿಯೆನ್ನಾದ ಕುರ್ಟ್ ಹಾರ್ನಿಕ್ ಮತ್ತು ಫ್ರೀಡ್ರಿಕ್ ಲೈಶ್ 'ಕ್ರ್ಯಾನ್' ಎಂಬ ಭಂಡಾರವನ್ನು ತೆರೆದರು. ಬಳಕೆದಾರರು ಬರೆದ ಪೂರಕ ಪ್ಯಾಕೇಜುಗಳು ಅಲ್ಲಿ ಆರಂಭದಲ್ಲಿ 12 ಇದ್ದವು. ಇಂದು 20,000ವನ್ನು ಮೀರಿವೆ. 2000ದ ಫೆಬ್ರವರಿ 29ರಂದು 1.0.0 ಆವೃತ್ತಿ ಹೊರಬಂದಿತು. 2003ರಲ್ಲಿ ವಿಯೆನ್ನಾದಲ್ಲಿ ಪ್ರತಿಷ್ಠಾನವೂ, 2004ರಲ್ಲಿ ಅಲ್ಲಿಯೇ ಬಳಕೆದಾರರ ಪ್ರಥಮ ಸಮ್ಮೇಳನವೂ ನಡೆದು, ಸ್ನೇಹದ ಬಳಗವು ಸಂಸ್ಥೆಯ ರೂಪವನ್ನು ತಳೆಯಿತು.

ಈ ಸಮುದಾಯವನ್ನು ಆದರ್ಶವೆಂದು ಕೊಂಡಾಡಿ ಬಿಡುವುದು ಯುಕ್ತವಲ್ಲ. ಎಲ್ಲರಿಗೂ ತೆರೆದ ಬಾಗಿಲೊಳಗೆ ಎಲ್ಲರೂ ಬರುತ್ತಿರಲಿಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೇಬ್ರಿಯೆಲಾ ಡಿ ಕೈರೋಜ್ ಎಂಬವರು ಸ್ತ್ರೀಯರಿಗಾಗಿ 'ಆರ್-ಲೇಡೀಸ್' ಕೂಟವನ್ನು ಆರಂಭಿಸಿದುದೂ, ಅದು ಬೇರೆ ದೇಶಗಳಿಗೆ ಹಬ್ಬಿದುದೂ ಈ ಕೊರತೆಗೆ ಸಾಕ್ಷಿ.

ಇನ್ನೊಂದು ಸಂಗತಿ ಇದಕ್ಕಿಂತ ಮಾರ್ಮಿಕವಾದುದು. 2008ರಲ್ಲಿ ನ್ಯೂಜಿಲೆಂಡಿನ ರಾಯಲ್ ಸೊಸೈಟಿಯು ಇಹಾಕಾ ಅವರಿಗೆ ಪಿಕರಿಂಗ್ ಪದಕವನ್ನಿತ್ತಿತು. ಅದೇ ವರ್ಷ ಅವರು ಡಂಕನ್ ಟೆಂಪಲ್ ಲ್ಯಾಂಗ್ ಅವರೊಡನೆ ಪ್ರಬಂಧವೊಂದನ್ನು ಮಂಡಿಸಿ, ಮುಂದಿನ ಕಾರ್ಯಕ್ಕೆ ಲಿಸ್ಪ್ ಭಾಷೆಯ ತಳಹದಿಯ ಮೇಲೆ ಹೊಸ ವ್ಯವಸ್ಥೆಯನ್ನು ಕಟ್ಟಬೇಕೆಂದು ವಾದಿಸಿದರು. ಆದರೆ ಸಮುದಾಯವು ಆರ್ ಭಾಷೆಯನ್ನು ಬಿಡಲಿಲ್ಲ. ಸಾವಿರಾರು ಜನರ ದುಡಿಮೆ ಅದರ ಮೇಲೆ ನಿಂತಿದ್ದಿತು. ಒಡೆತನವನ್ನು ತ್ಯಜಿಸಿದವನು ಕೆಡವುವ ಹಕ್ಕನ್ನೂ ತ್ಯಜಿಸಿದಂತೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

2024ರಲ್ಲಿ ಲೈಶ್ ನಿಧನರಾದರು. ಅವರು ತೆರೆದ ಭಂಡಾರವು ನಿಲ್ಲಲಿಲ್ಲ. ಆರ್ ಭಾಷೆಯಲ್ಲಿ 'ಕಾಂಟ್ರಿಬ್ಯೂಟರ್ಸ್' ಎಂಬ ಆಜ್ಞೆಯನ್ನಿತ್ತರೆ ದುಡಿದವರ ಹೆಸರುಗಳು ತೆರೆಯ ಮೇಲೆ ಮೂಡುತ್ತವೆ. ಅದನ್ನು ನಾವು ಈ ಕಾಲದ ಒಂದು ಶಾಸನವೆಂದೇ ಎಣಿಸುತ್ತೇವೆ. ಇದರಲ್ಲಿ ಕಲ್ಲು ಹೊತ್ತವರಿಗೂ ಸ್ಥಾನವಿದೆ. ಇದನ್ನು ದಿನವೂ ಬಳಸುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಒಮ್ಮೆಯಾದರೂ ಆ ಪಟ್ಟಿಯನ್ನು ಓದುವುದು ಉಚಿತ.