ನಿಧಾನದ ರುಚಿ: ಚೀನೀ ಸಾಧನಾ ಕಾದಂಬರಿ ಮತ್ತು ಪೈವಳಿಕೆ ಸೀಮೆಯ ತಾಳಮದ್ದಳೆ

1. ಪ್ರಶ್ನೆ

ಚೀನಾದ ಜಾಲತಾಣಗಳಲ್ಲಿ ಬೆಳೆದ ‘ಶಿಯಾನ್‌ಶಿಯಾ’ ಕಾದಂಬರಿಗಳ ನಾಯಕ ಪ್ರಾಣಶಕ್ತಿಯನ್ನು ಹದಗೊಳಿಸುತ್ತ ಹಂತಹಂತವಾಗಿ ಅಮರತ್ವದತ್ತ ಏರುವ ಸಾಧಕ. ವಾಂಗ್ ಯು ಎಂಬ ಕಾವ್ಯನಾಮದ ಲೇಖಕ 2008ರಲ್ಲಿ ಚಿದಿಯಾನ್ ತಾಣದಲ್ಲಿ ಆರಂಭಿಸಿದ ‘ಫಾನ್‌ರೆನ್ ಶಿಯೂಶಿಯಾನ್ ಜುವಾನ್’ 2013ರಲ್ಲಿ ಮುಗಿಯುವ ಹೊತ್ತಿಗೆ ಎರಡು ಸಾವಿರ ಅಧ್ಯಾಯಗಳನ್ನು ದಾಟಿತ್ತು. 2014ರಲ್ಲಿ ವುಶಿಯಾವರ್ಲ್ಡ್ ತಾಣ ಆರಂಭವಾದ ಮೇಲೆ ಈ ಪ್ರಕಾರ ಇಂಗ್ಲಿಷ್ ಅನುವಾದದ ಮೂಲಕ ಹೊರಜಗತ್ತಿಗೂ ಹಬ್ಬಿತು.

ಇಷ್ಟು ಉದ್ದವೇಕೆ ಎಂಬುದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಆರ್ಥಿಕವಾದದ್ದು. ಚಿದಿಯಾನ್ 2003ರಲ್ಲಿ ತಂದ ವ್ಯವಸ್ಥೆಯಲ್ಲಿ ಓದುಗರು ಸಾವಿರ ಅಕ್ಷರಕ್ಕೆ ಇಷ್ಟೆಂದು ಹಣ ತೆರುತ್ತಾರೆ. ಲೇಖಕ ಕಥೆಯನ್ನು ಏಕೆ ಹಿಗ್ಗಿಸುತ್ತಾನೆ ಎಂಬುದು ಇದರಿಂದ ತಿಳಿಯುತ್ತದೆ. ಓದುಗ ಏಕೆ ಬೇಸರಿಸದೆ ಕೂರುತ್ತಾನೆ ಎಂಬುದು ತಿಳಿಯುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಕಾಸರಗೋಡಿನ ತಾಳಮದ್ದಳೆಯ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

2. ಕೇಳುಗನ ತಾಳ್ಮೆ

ಮಂಜೇಶ್ವರ ತಾಲೂಕಿನ ಪೈವಳಿಕೆ, ಬಾಯಾರು, ಕಯ್ಯಾರು ಸುತ್ತಮುತ್ತ ಹಲವರ ಮನೆಮಾತು ತುಳು, ಕೇರಳ ರಾಜ್ಯದ ಆಡಳಿತಭಾಷೆ ಮಲಯಾಳ. ತಾಳಮದ್ದಳೆಯ ಮಾತು ಮಾತ್ರ ಬಹುಮಟ್ಟಿಗೆ ಕನ್ನಡವೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯೂ ಇದೇ ಸೀಮೆಯದು. ತುಳುನಾಡಿನ ಪತ್ತನಾಜೆ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ ಮಳೆಗಾಲ ತಾಳಮದ್ದಳೆಯ ಕಾಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಚೆಂಡೆ-ಮದ್ದಳೆ, ಅರ್ಥಧಾರಿಗಳ ಆಶುಮಾತು ಇಷ್ಟರಲ್ಲೇ ಕೂಟ ಕಳೆಗಟ್ಟಬೇಕು.

ವಾಲಿವಧೆಯನ್ನೇ ನೋಡೋಣ. ಬಾಣ ತಗುಲಿದ ವಾಲಿಗೆ ಉಳಿದಿರುವುದು ಸ್ವಲ್ಪ ಹೊತ್ತು. ಆ ಸ್ವಲ್ಪ ಹೊತ್ತು ಕೂಟದಲ್ಲಿ ಗಂಟೆಗಟ್ಟಲೆ ಬೆಳೆಯುತ್ತದೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನನಗೂ ನಿನಗೂ ಏನು ವೈರ? ಸೀತೆಯೇ ಬೇಕಿದ್ದರೆ ನನ್ನನ್ನು ಕೇಳಬಹುದಿತ್ತಲ್ಲ? ವಾಲಿ ಹೀಗೆ ಒಂದೊಂದಾಗಿ ಕೇಳುತ್ತಾನೆ. ರಾಮ ತಮ್ಮನ ಹೆಂಡತಿ ರುಮೆಯ ವಿಚಾರ ಎತ್ತುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ವಾಲಿಯಾಗಿ ಕೂತಾಗ ಸಭೆಗೆ ಮುಂದೇನಾಗುವುದೆಂದು ಗೊತ್ತಿಲ್ಲದೆ ಇರಲಿಲ್ಲ. ಯಾವ ವಾದಕ್ಕೆ ಎಷ್ಟು ತೂಕ, ಯಾವ ಪ್ರಶ್ನೆಗೆ ಎದುರಾಳಿ ಜಾರಿಕೊಂಡ ಎಂದು ತೂಗುವುದೇ ಸಭಿಕರ ಸುಖ.

3. ಎಲ್ಲಿ ನಿಧಾನ, ಎಲ್ಲಿ ವೇಗ

ಫ್ರೆಂಚ್ ವಿಮರ್ಶಕ ಜೆರಾರ್ ಜೆನೆತ್ 1972ರಲ್ಲಿ ಕಥೆ ನಡೆಯುವ ಕಾಲವನ್ನೂ ಅದನ್ನು ಹೇಳಲು ಹಿಡಿಯುವ ಕಾಲವನ್ನೂ ಬೇರ್ಪಡಿಸಿ ತೋರಿಸಿದರು. ಈ ಭೇದವನ್ನು ಇಟ್ಟುಕೊಂಡು ನೋಡಿದರೆ ‘ನಿಧಾನಗತಿ’ಯ ಕಾದಂಬರಿ ಎಲ್ಲ ಕಡೆಯೂ ನಿಧಾನವಲ್ಲ. ವಾಂಗ್ ಯುವಿನ ನಾಯಕ ಹಾನ್ ಲಿ ಬಡ ಹಳ್ಳಿಯ ಹುಡುಗ. ಸಾಧನೆಗೆ ಬೇಕಾದ ಜನ್ಮಸಿದ್ಧ ಯೋಗ್ಯತೆ ಅವನಿಗೆ ತೀರ ಕಡಿಮೆ. ಗಿಡಮೂಲಿಕೆಗಳನ್ನು ಬೇಗ ಬಲಿಯಿಸುವ ಹಸಿರು ದ್ರವ ಒಸರುವ ಪುಟ್ಟ ಕುಪ್ಪಿಯೊಂದೇ ಅವನ ಬಂಡವಾಳ. ಅವನ ಏಕಾಂತ ಸಾಧನೆಯ ವರ್ಷಗಳು ಕೆಲವೇ ಸಾಲುಗಳಲ್ಲಿ ಕಳೆದುಹೋಗುತ್ತವೆ. ಕುಪ್ಪಿಯ ಗುಟ್ಟು ಹೊರಬೀಳದಂತೆ ಮೂಲಿಕೆ ಮಾರುವುದು ಹೇಗೆ, ಕಾದಾಡುವುದೋ ಓಡುವುದೋ ಎಂಬ ಲೆಕ್ಕಾಚಾರ ಮಾತ್ರ ಪುಟಗಟ್ಟಲೆ ಸಾಗುತ್ತದೆ.

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರನ ಕಥೆಯ ನಡೆಯೂ ಇದೇ. ರಾಜರ್ಷಿ, ಋಷಿ, ಮಹರ್ಷಿ, ಬ್ರಹ್ಮರ್ಷಿ ಎಂಬ ನಾಲ್ಕು ಪದವಿಗಳ ನಡುವಿನ ಸಾವಿರಾರು ವರ್ಷಗಳ ತಪಸ್ಸು ಕೆಲವೇ ಶ್ಲೋಕಗಳಲ್ಲಿ ಮುಗಿಯುತ್ತದೆ. ತ್ರಿಶಂಕುವಿನ ಹಟ, ಮೇನಕೆಯ ಮೋಹ, ರಂಭೆಯ ಮೇಲಿನ ಕೋಪ ಹೀಗೆ ತಪಸ್ಸು ಕರಗುವ ಗಳಿಗೆಗಳಲ್ಲಿ ಕಥೆ ನಿಂತು ಮಾತಾಡುತ್ತದೆ. ಕಾಯುವಲ್ಲಿ ವೇಗ, ನಿರ್ಧಾರದಲ್ಲಿ ನಿಧಾನ ಎಂಬ ಲಯ ಕಾದಂಬರಿ, ರಾಮಾಯಣ, ತಾಳಮದ್ದಳೆ ಮೂರೂ ಕಡೆ ಸಮಾನ.

4. ಅಳತೆ ಯಾರ ಕೈಯಲ್ಲಿ?

ಈ ಲಯ ರುಚಿಸಲು ಒಂದು ಷರತ್ತಿದೆ: ಅಳತೆ ಓದುಗನಿಗೆ ಮೊದಲೇ ಗೊತ್ತಿರಬೇಕು. ಶಕ್ತಿಸಂಚಯ, ಅಡಿಪಾಯ, ಸ್ವರ್ಣಗರ್ಭ, ನವಚೇತನ ಎಂಬ ಮೆಟ್ಟಿಲುಗಳೂ ಪ್ರತಿ ಮೆಟ್ಟಿಲಿಗೆ ಹೆಚ್ಚುವ ಆಯುಸ್ಸೂ ಚೀನೀ ಓದುಗನಿಗೆ ಬಾಯಿಪಾಠ. ತಾಳಮದ್ದಳೆಯ ಕೇಳುಗನಿಗೆ ಪ್ರಸಂಗ ಗೊತ್ತು, ಪದ್ಯದ ಎಲ್ಲೆ ಗೊತ್ತು. ಗೊತ್ತಿರುವುದರಿಂದಲೇ ಪ್ರತಿ ಹೆಜ್ಜೆಯ ಗಳಿಕೆಯನ್ನೋ ನಷ್ಟವನ್ನೋ ಆತ ತಾನೇ ನಿರ್ಣಯಿಸಬಲ್ಲ. ಅಳತೆಯಿಲ್ಲದ ನಿಧಾನ ಬರೀ ಎಳೆದಾಟ.

ವ್ಯತ್ಯಾಸವೂ ಸಣ್ಣದಲ್ಲ. ಹಾನ್ ಲಿ ತೂಗುವುದು ಸಂಪನ್ಮೂಲ ಮತ್ತು ಅಪಾಯವನ್ನು, ಒಬ್ಬನೇ ತೂಗುತ್ತಾನೆ. ವಾಲಿ ತೂಗುವುದು ಧರ್ಮವನ್ನು; ಅದೂ ಎದುರು ಕೂತು ಮರುಮಾತು ಕೊಡುವ ಇನ್ನೊಬ್ಬನ ಮುಂದೆ. ಚೀನೀ ಕಾದಂಬರಿಯಲ್ಲಿ ನಿಧಾನ ಎಚ್ಚರಿಕೆಯ ರೂಪ, ತಾಳಮದ್ದಳೆಯಲ್ಲಿ ಅದು ವಿಚಾರಣೆಯ ರೂಪ.

5. ಸಮಾರೋಪ

ನಿಧಾನಗತಿಯ ಕಥನವನ್ನು ಬಿಡುವಿದ್ದವರ ಕಾಲಹರಣವೆಂದು ತಳ್ಳಿಹಾಕುವುದು ಸರಿಯಲ್ಲ. ಓದುಗನನ್ನು ತೀರ್ಪುಗಾರನ ಜಾಗದಲ್ಲಿ ಕೂರಿಸುವ ಶಕ್ತಿ ಅದಕ್ಕಿದೆ. ಇಂಥ ಕಾದಂಬರಿಗಳನ್ನು ಕನ್ನಡಕ್ಕೆ ತರುವವರು ಅವುಗಳ ಗದ್ಯಕ್ಕೆ ಮಾದರಿಯನ್ನು ಹೊರಗೆಲ್ಲೂ ಹುಡುಕಬೇಕಾಗಿಲ್ಲ. ಒಂದು ನಿರ್ಧಾರವನ್ನು ಎಲ್ಲ ಮಗ್ಗುಲಿಂದ ತಿರುವಿ ನೋಡಿಯೂ ಸಭೆಯನ್ನು ಹಿಡಿದಿಡುವ ಕನ್ನಡ ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಸಿದ್ಧವಾಗಿಯೇ ಇದೆ. ಆ ಕನ್ನಡದ ಕಾಲನಿರ್ವಹಣೆಯನ್ನು ಕೂಟಗಳ ಧ್ವನಿಮುದ್ರಣಗಳ ಆಧಾರದಲ್ಲಿ ವಿಶ್ಲೇಷಿಸುವುದು ಗಡಿನಾಡಿನ ಸಂಶೋಧಕರು ಕೈಗೆತ್ತಿಕೊಳ್ಳಬೇಕಾದ ಕೆಲಸ.